‘ಪೋಸ್ಟ್ ಆಫೀಸ್’ ಮತ್ತು ‘ಅಂಚೆ ಕಚೇರಿ’: ಎರಡು ಸಮಾಸಗಳ ಅರ್ಥ ಮತ್ತು ಮೂಲ

ಕೆಲವು ವರ್ಷಗಳ ಹಿಂದೆ ಪದವಿ ತರಗತಿಯ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದಾಗ ಒಂದು ವಾಕ್ಯವು ಈ ಲೇಖಕನ ಕಣ್ಣಿಗೆ ಬಿದ್ದಿತು. ಚಿಕ್ಕದೇವರಾಜ ಒಡೆಯರ ಆಡಳಿತ ಸುಧಾರಣೆಗಳನ್ನು ವಿವರಿಸುತ್ತ ವಿದ್ಯಾರ್ಥಿಯೊಬ್ಬನು, ಅರಸರು ಹಂಸಪಕ್ಷಿಗಳನ್ನು ಸಾಕಿ ಅವುಗಳ ಮೂಲಕ ದೂರದ ಊರುಗಳಿಗೆ ಓಲೆಗಳನ್ನು ಕಳುಹಿಸುತ್ತಿದ್ದರೆಂದೂ, ಆದುದರಿಂದಲೇ ಆ ಇಲಾಖೆಗೆ ‘ಅಂಚೆ’ ಎಂಬ ಹೆಸರಾಯಿತೆಂದೂ ಬರೆದಿದ್ದನು. ನಗು ಬಂದಿತು. ಮರುಕ್ಷಣವೇ ನಗು ನಿಂತಿತು. ‘ಅಂಚೆ’ಯು ‘ಹಂಸ’ದ ತದ್ಭವವೆಂದೂ, ನಳದಮಯಂತಿಯರ ನಡುವೆ ಸುದ್ದಿ ಸಾಗಿಸಿದ ಹಂಸದ ನೆನಪು ಈ ಹೆಸರಿನಲ್ಲಿ ಉಳಿದಿದೆಯೆಂದೂ ಅದೇ ವರ್ಷ ತರಗತಿಯಲ್ಲಿ ಹೇಳಿದವನು ನಾನೇ. ನಾನು ಅಲಂಕಾರವಾಗಿ ಹೇಳಿದುದನ್ನು ಆ ವಿದ್ಯಾರ್ಥಿ ಇತಿಹಾಸವಾಗಿ ಗ್ರಹಿಸಿದ್ದನು. ತಪ್ಪು ಅವನದಲ್ಲ.

ಆ ತಪ್ಪನ್ನು ತಿದ್ದಿಕೊಳ್ಳುವ ಪ್ರಯತ್ನದ ಫಲವೇ ಈ ಲೇಖನ. ನಿತ್ಯವೂ ನಮ್ಮ ಬಾಯಲ್ಲಿ ಓಡಾಡುವ ‘ಪೋಸ್ಟ್ ಆಫೀಸ್’ ಎಂಬ ಇಂಗ್ಲಿಷ್ ಸಮಾಸದ ಅರ್ಥವೇನು, ಅದರ ಎರಡು ಅಂಗಗಳು ಎಲ್ಲಿಂದ ಬಂದವು, ಅದಕ್ಕೆ ಸಮಾನವಾಗಿ ಕನ್ನಡದಲ್ಲಿ ನಿಂತಿರುವ ‘ಅಂಚೆ ಕಚೇರಿ’ ಎಂಬುದರ ಮೂಲವೇನು, ಈ ಎರಡಕ್ಕೂ ಇರುವ ಸಂಬಂಧವೆಂತಹುದು ಎಂಬುದನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗುವುದು. ಭಾಷಾಶಾಸ್ತ್ರವು ಈ ಲೇಖಕನ ಮುಖ್ಯ ವಿಷಯವಲ್ಲ. ಆದರೆ ಶಾಸನವೂ ನಾಣ್ಯವೂ ಇತಿಹಾಸಕ್ಕೆ ಸಾಕ್ಷಿಯಾಗುವಂತೆ ಪದವೂ ಸಾಕ್ಷಿಯಾಗಬಲ್ಲುದು. ಸುಳ್ಳುಸಾಕ್ಷಿಯನ್ನು ನಂಬಿದರೆ ತೀರ್ಪು ಕೆಡುವುದೆಂಬುದಕ್ಕೆ ಮೇಲಿನ ಉತ್ತರಪತ್ರಿಕೆಯೇ ನಿದರ್ಶನ.

1. ಸಮಾಸದ ಸ್ವರೂಪ

ಇಂಗ್ಲಿಷಿನಲ್ಲಿ ‘ಪೋಸ್ಟ್’ ಮತ್ತು ‘ಆಫೀಸ್’ ಎಂಬ ಎರಡು ಮಾತುಗಳನ್ನು ಬಿಡಿಯಾಗಿ ಬರೆಯುವುದು ವಾಡಿಕೆ. ಬಿಡಿಯಾಗಿ ಬರೆದ ಮಾತ್ರಕ್ಕೆ ಅದು ಸಮಾಸವಲ್ಲವೆಂದು ತಿಳಿಯಬಾರದು. ಸಮಾಸದ ಲಕ್ಷಣವು ಬರವಣಿಗೆಯ ಅಂತರದಲ್ಲಿರುವುದಿಲ್ಲ, ಪದಗಳ ಹೊಂದಾಣಿಕೆಯಲ್ಲಿರುತ್ತದೆ. ‘ಹಳೆಯ ಪೋಸ್ಟ್ ಆಫೀಸ್’ ಎನ್ನಬಹುದು. ‘ಪೋಸ್ಟ್ ಹಳೆಯ ಆಫೀಸ್’ ಎನ್ನಲಾಗದು. ಎರಡು ಪದಗಳ ನಡುವೆ ಮೂರನೆಯದು ನುಗ್ಗಲಾಗದಷ್ಟು ಅವು ಬೆಸೆದುಕೊಂಡಿವೆ. ಉಚ್ಚಾರಣೆಯ ಒತ್ತು ಸಹ ಮೊದಲನೆಯ ಪದದ ಮೇಲೆ ಬಿದ್ದು ಎರಡನ್ನೂ ಒಂದೇ ಉಸಿರಿನಲ್ಲಿ ಕಟ್ಟುತ್ತದೆ. ನಮ್ಮ ಜನರ ಕಿವಿ ಇದನ್ನು ಸರಿಯಾಗಿಯೇ ಗುರುತಿಸಿ ‘ಪೋಸ್ಟಾಫೀಸು’ ಎಂದು ಸಂಧಿಮಾಡಿ ಒಂದೇ ಪದವಾಗಿಸಿಕೊಂಡಿತು.

ಅರ್ಥದ ದೃಷ್ಟಿಯಿಂದ ಇದು ಉತ್ತರಪದಪ್ರಧಾನವಾದ ತತ್ಪುರುಷ. ಅಂಚೆಗೆ ಸಂಬಂಧಿಸಿದ ಕಚೇರಿ ಎಂಬುದು ವಿಗ್ರಹವಾಕ್ಯ. ‘ಅಂಚೆ ಕಚೇರಿ’ಯೂ ಹೀಗೆಯೇ ರಚಿತವಾದುದು. ಇದರ ಎರಡನೆಯ ಪದವು ಉತ್ತರಭಾರತದ ಭಾಷೆಗಳಿಂದ ನಮ್ಮಲ್ಲಿಗೆ ಬಂದುದು. ಸಂಸ್ಕೃತ ಮತ್ತು ಕನ್ನಡ ಪದಗಳ ಬೆಸುಗೆಯನ್ನು ಅರಿಸಮಾಸವೆಂದು ಕರೆದು, ಕೆಲವು ಪ್ರಯೋಗಗಳಿಗೆ ಮಾತ್ರ ಅನುಮತಿಕೊಟ್ಟ ಕೇಶಿರಾಜನು ಇಂತಹ ಸಮಾಸವನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಆದರೆ ಆಡಳಿತದ ಭಾಷೆ ವ್ಯಾಕರಣದ ಅಪ್ಪಣೆಗೆ ಕಾಯುವುದಿಲ್ಲ. ಕಚೇರಿಯ ಜಗಲಿಯ ಮೇಲೆ ಯಾವ ಯಾವ ನುಡಿಯವರು ಕುಳಿತು ಕೆಲಸಮಾಡಿದರೋ ಅವರೆಲ್ಲರ ಮಾತೂ ಅದರಲ್ಲಿ ಸೇರುತ್ತದೆ.

2. ‘ಪೋಸ್ಟ್’ ಎಂಬುದರ ಮೂಲ

ಇಂಗ್ಲಿಷಿನಲ್ಲಿ ‘ಪೋಸ್ಟ್’ ಎಂಬ ಒಂದೇ ರೂಪದ ಹಿಂದೆ ಹಲವು ಪದಗಳು ಅಡಗಿವೆ. ವಿದ್ಯಾರ್ಥಿಗಳು ಇವುಗಳನ್ನು ಬೆರಸಿಕೊಳ್ಳುವುದು ಸಹಜವಾದುದರಿಂದ ಮೊದಲು ಬಿಡಿಸಿಡುವುದು ಒಳ್ಳೆಯದು. ದೀಪದ ಕಂಬವನ್ನು ಹೇಳುವಾಗ ಬರುವ ‘ಪೋಸ್ಟ್’ ಲ್ಯಾಟಿನ್ನಿನ ‘ಪೋಸ್ಟಿಸ್’ ಎಂಬುದರಿಂದ ಬಂದುದು. ಬಾಗಿಲ ಕಂಬ ಎಂಬುದು ಅದರ ಅರ್ಥ. ‘ಪೋಸ್ಟ್ ಗ್ರಾಜುಯೇಟ್’ ಎಂಬಲ್ಲಿ ಬರುವುದು ‘ಆಮೇಲೆ’ ಎಂಬರ್ಥದ ಲ್ಯಾಟಿನ್ ಅವ್ಯಯ. ‘ಅವರಿಗೆ ಒಳ್ಳೆಯ ಪೋಸ್ಟ್ ಸಿಕ್ಕಿತು’ ಎಂದು ನಾವು ಉದ್ಯೋಗಕ್ಕೆ ಬಳಸುವುದು ಮತ್ತೊಂದು. ಕಾಗದಪತ್ರಗಳ ‘ಪೋಸ್ಟ್’ ಇವುಗಳಲ್ಲಿ ಮೊದಲಿನ ಎರಡಕ್ಕೂ ನಂಟಲ್ಲ. ಕೊನೆಯದಕ್ಕೆ ಮಾತ್ರ ದಾಯಾದಿ. ಈ ಎರಡೂ ‘ಇಡು, ನೆಲೆಗೊಳಿಸು’ ಎಂಬರ್ಥದ ಲ್ಯಾಟಿನ್ ಧಾತುವಿನ ಭೂತಕೃದಂತದಿಂದ ಹುಟ್ಟಿದವು. ‘ಇಡಲ್ಪಟ್ಟುದು’ ಎಂಬುದು ಅದರ ಅಕ್ಷರಾರ್ಥ. ಇಟಲಿಯ ಭಾಷೆಯಲ್ಲಿ ‘ಪೋಸ್ಟಾ’ ಎಂದಾಗಿ, ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿತು.

ಹಾಗಾದರೆ ಏನನ್ನು ಇಟ್ಟರು, ಎಲ್ಲಿ ಇಟ್ಟರು ಎಂಬ ಪ್ರಶ್ನೆ ಏಳುತ್ತದೆ. ಇಟ್ಟುದು ಕುದುರೆಗಳನ್ನೂ ಆಳುಗಳನ್ನೂ. ಇಟ್ಟ ಸ್ಥಳ ಹೆದ್ದಾರಿಯ ಮಗ್ಗುಲು. ಒಬ್ಬನೇ ಸವಾರನು ಒಂದೇ ಕುದುರೆಯ ಮೇಲೆ ನೂರಾರು ಮೈಲಿ ಓಡುವುದು ಅಸಾಧ್ಯ. ದಾರಿಯನ್ನು ಹಂತಗಳಾಗಿ ಭಾಗಿಸಿ, ಹಂತಹಂತಕ್ಕೂ ದಣಿಯದ ಕುದುರೆಯನ್ನೂ ಹೊಸ ಸವಾರನನ್ನೂ ಸಿದ್ಧವಾಗಿ ನಿಲ್ಲಿಸಿದರೆ ಓಲೆ ನಿಲ್ಲದೆ ಓಡುತ್ತದೆ. ಈ ಉಪಾಯವು ಬಹಳ ಹಳೆಯದು. ಪಾರಸಿಕ ಸಾಮ್ರಾಜ್ಯದಲ್ಲಿ ದಿನದ ಪಯಣಕ್ಕೊಂದರಂತೆ ಆಳನ್ನೂ ಕುದುರೆಯನ್ನೂ ನಿಲ್ಲಿಸಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ವರ್ಣಿಸಿದ್ದಾನೆ. ರೋಮನ್ ಚಕ್ರವರ್ತಿ ಅಗಸ್ಟಸನು ರಾಜಕಾರ್ಯಕ್ಕಾಗಿ ಇಂತಹುದೇ ವ್ಯವಸ್ಥೆಯನ್ನು ಮಾಡಿದನು. ಯೂರೋಪಿನಲ್ಲಿ 15ನೆಯ ಶತಮಾನದ ಕೊನೆಯಿಂದ ಟಾಕ್ಸಿಸ್ ಮನೆತನದವರು ಹ್ಯಾಪ್ಸ್‌ಬರ್ಗ್ ಅರಸರಿಗಾಗಿ ಇದನ್ನು ನಡೆಸಿದರು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ ಸರ್ ಬ್ರಯನ್ ಟ್ಯೂಕನು ‘ಪೋಸ್ಟು’ಗಳ ಮೇಲಧಿಕಾರಿಯಾಗಿದ್ದನು. ಈ ಪದವಿಯ ಹೆಸರು ಬಹುವಚನದಲ್ಲಿರುವುದು ಗಮನಾರ್ಹ. ಅವನು ಮೇಲ್ವಿಚಾರಣೆ ನಡೆಸಿದುದು ಕಾಗದಗಳದಲ್ಲ. ದಾರಿಯುದ್ದಕ್ಕೂ ನೆಲೆಗೊಳಿಸಿದ ಆಳುಗಳದು, ಠಾಣ್ಯಗಳದು.

ಅಲ್ಲಿಂದ ಮುಂದೆ ಅರ್ಥವು ಮೆಟ್ಟಿಲು ಮೆಟ್ಟಿಲಾಗಿ ಸರಿಯಿತು. ಮೊದಲು ಹಂತದ ನೆಲೆ. ಬಳಿಕ ಆ ನೆಲೆಯಿಂದ ಓಡುವ ಸವಾರ. ಅನಂತರ ಅವನು ಹೊತ್ತ ಚೀಲ. ಆಮೇಲೆ ಚೀಲದೊಳಗಿನ ಕಾಗದಗಳು. ಕೊನೆಗೆ ಇವೆಲ್ಲವನ್ನೂ ಒಳಗೊಂಡ ವ್ಯವಸ್ಥೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ವ್ಯವಸ್ಥೆ ಅರಸರ ಸೊತ್ತಿನಿಂದ ಪ್ರಜೆಗಳ ಬಳಕೆಗೂ ತೆರೆದುಕೊಂಡಾಗ ‘ಪೋಸ್ಟ್ ಆಫೀಸ್’ ಎಂಬ ಸಮಾಸವು ನೆಲೆನಿಂತಿತು. ಕ್ರಾಮ್‌ವೆಲ್ಲನ ಆಳ್ವಿಕೆಯ 1657ರ ಶಾಸನವೂ, ಎರಡನೆಯ ಚಾರ್ಲ್ಸನ 1660ರ ಶಾಸನವೂ ಅದಕ್ಕೆ ಕಾನೂನಿನ ರೂಪಕೊಟ್ಟವು.

3. ‘ಆಫೀಸ್’ ಮತ್ತು ‘ಕಚೇರಿ’

ಎರಡನೆಯ ಪದವಾದ ‘ಆಫೀಸ್’ ಲ್ಯಾಟಿನ್ನಿನ ‘ಒಫಿಕಿಯುಮ್’ ಎಂಬುದರಿಂದ ಬಂದುದು. ‘ಕೆಲಸ’ ಎಂಬರ್ಥದ ಒಂದು ಪದವೂ ‘ಮಾಡು’ ಎಂಬರ್ಥದ ಒಂದು ಧಾತುವೂ ಕೂಡಿ ಇದು ಆಗಿದೆ. ಅಂದರೆ ‘ಪೋಸ್ಟ್ ಆಫೀಸ್’ ಎಂಬ ಸಮಾಸದೊಳಗೆ ಮತ್ತೊಂದು ಹಳೆಯ ಸಮಾಸ ಹುದುಗಿಕೊಂಡಿದೆ. ಕೆಲಸಮಾಡುವಿಕೆ ಎಂಬುದು ಮೂಲಾರ್ಥ. ಅದರಿಂದ ಕರ್ತವ್ಯ, ಕರ್ತವ್ಯದಿಂದ ಅಧಿಕಾರಸ್ಥಾನ, ಅಧಿಕಾರಸ್ಥಾನದಿಂದ ಅಧಿಕಾರಿ ಕುಳಿತುಕೊಳ್ಳುವ ಮನೆ ಎಂಬ ಅರ್ಥಗಳು ಬೆಳೆದವು.

ಈಗ ನಮ್ಮ ‘ಕಚೇರಿ’ಯನ್ನು ನೋಡೋಣ. ಇದು ಹಿಂದಿಯ ‘ಕಚಹರೀ’, ಮರಾಠಿಯ ‘ಕಚೇರೀ’ ಎಂಬ ಪದಗಳ ಒಡಹುಟ್ಟು. ವ್ಯುತ್ಪತ್ತಿಯನ್ನು ಅರಸಿದ ನಿಘಂಟುಕಾರರು ಇದನ್ನು ಸಂಸ್ಕೃತದ ‘ಕೃತ್ಯ’ ಮತ್ತು ‘ಗೃಹ’ ಎಂಬ ಪದಗಳಿಗೆ ಒಯ್ದು ಮುಟ್ಟಿಸಿದ್ದಾರೆ. ‘ಕೃತ್ಯ’ವು ಪ್ರಾಕೃತದಲ್ಲಿ ‘ಕಚ್ಚ’ವಾಗುವುದೂ, ‘ಗೃಹ’ವು ‘ಘರ’ವಾಗಿ ಸಮಾಸದ ನಡುವೆ ‘ಹರ’ವಾಗುವುದೂ ಪ್ರಾಕೃತದ ನಿಯಮಗಳಿಗೆ ಒಪ್ಪುತ್ತವೆ. ಮಾಡತಕ್ಕ ಕೆಲಸದ ಮನೆಯೇ ಕಚೇರಿ. ನಾಮಫಲಕಗಳಲ್ಲಿ ‘ಕಚೇರಿ’, ‘ಕಛೇರಿ’ ಎಂಬ ಎರಡು ರೂಪಗಳೂ ಕಾಣುವುದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬಹುದು. ಮೂಲದ ಹಕಾರವು ಹಿಂದಿನ ಚಕಾರದೊಡನೆ ಬೆರೆತಿದೆಯೆಂದು ಭಾವಿಸಿದವರು ಮಹಾಪ್ರಾಣವನ್ನು ಬರೆದರು. ಮರಾಠಿಯ ರೂಪವನ್ನು ಅನುಸರಿಸಿದವರು ಅಲ್ಪಪ್ರಾಣವನ್ನು ಬರೆದರು.

ಈ ಪದವು ಮೈಸೂರು ದೇಶದಲ್ಲಿ ಬೇರೂರಿದುದಕ್ಕೆ ‘ಅಠಾರಾ ಕಚೇರಿ’ ಎಂಬ ಹೆಸರೇ ಸಾಕ್ಷಿ. ಚಿಕ್ಕದೇವರಾಜ ಒಡೆಯರು ಔರಂಗಜೇಬನ ಆಸ್ಥಾನಕ್ಕೆ ಕಳುಹಿಸಿದ್ದ ರಾಯಭಾರವು 1700ರಲ್ಲಿ ಹಿಂದಿರುಗಿದ ಮೇಲೆ, ಮೊಗಲರ ಮಾದರಿಯಲ್ಲಿ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂದು ಕರ್ನಲ್ ವಿಲ್ಕ್ಸನು ಬರೆದಿದ್ದಾನೆ. ಕನ್ನಡದಲ್ಲಿ ‘ಹದಿನೆಂಟು ಚಾವಡಿ’ ಎನಿಸಿದುದು ಹಿಂದುಸ್ತಾನಿಯಲ್ಲಿ ‘ಅಠಾರಾ ಕಚೇರಿ’ ಎನಿಸಿತು. ಬೆಂಗಳೂರಿನಲ್ಲಿ 1868ರಲ್ಲಿ ಪೂರ್ಣಗೊಂಡು ಈಗ ಉಚ್ಚ ನ್ಯಾಯಾಲಯಕ್ಕೆ ಆಶ್ರಯವಾಗಿರುವ ಕೆಂಪು ಕಟ್ಟಡಕ್ಕೂ, ಮೈಸೂರಿನ ಹಳೆಯ ಜಿಲ್ಲಾ ಕಚೇರಿಯ ಕಟ್ಟಡಕ್ಕೂ ಇದೇ ಹೆಸರು ಅಂಟಿಕೊಂಡಿತು. ಇಲಾಖೆಗಳ ಸಂಖ್ಯೆ ಹದಿನೆಂಟನ್ನು ದಾಟಿಹೋದರೂ ಹೆಸರು ಮಾತ್ರ ಕದಲಲಿಲ್ಲ.

4. ‘ಅಂಚೆ’ ಹಂಸವೇ?

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಹಳಗನ್ನಡದಲ್ಲಿ ‘ಅಂಚೆ’ ಎಂಬುದು ‘ಹಂಸ’ದ ತದ್ಭವವೆಂಬುದರಲ್ಲಿ ವಿವಾದವಿಲ್ಲ. ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ತತ್ಸಮ-ತದ್ಭವಗಳ ಪಟ್ಟಿಯಲ್ಲಿ ಈ ಜೋಡಿಯನ್ನು ಕಲಿಯದವರು ವಿರಳ. ಓಲೆಯನ್ನು ಸಾಗಿಸುವ ವ್ಯವಸ್ಥೆಗೂ ‘ಅಂಚೆ’ ಎಂದೇ ಹೆಸರಿರುವಾಗ ಎರಡೂ ಒಂದೇ ಪದವೆಂದು ಊಹಿಸುವುದು ಸುಲಭ. ಊಹೆಗೆ ನಳಚರಿತ್ರೆಯ ಒತ್ತಾಸೆಯೂ ದೊರೆತಾಗ ಅದು ನಂಬಿಕೆಯಾಗುತ್ತದೆ. ಆದರೆ ಈ ನಂಬಿಕೆಗೆ ಮೂರು ಆಕ್ಷೇಪಗಳಿವೆ.

ಮೊದಲನೆಯದು ನೆರೆಯ ಭಾಷೆಗಳ ಸಾಕ್ಷ್ಯ. ಓಲೆಯ ವ್ಯವಸ್ಥೆಗೆ ತಮಿಳಿನಲ್ಲಿ ‘ಅಂಜಲ್’ ಎಂದೂ, ಮಲಯಾಳದಲ್ಲಿ ‘ಅಂಚಲ್’ ಎಂದೂ ಹೆಸರು. ಆದರೆ ಈ ಎರಡು ಭಾಷೆಗಳಲ್ಲಿಯೂ ಹಂಸಕ್ಕೆ ಹೇಳುವುದು ‘ಅನ್ನಂ’ ಎಂದು. ಅಲ್ಲಿ ಹಕ್ಕಿಯ ಹೆಸರಿಗೂ ಓಲೆಯ ವ್ಯವಸ್ಥೆಯ ಹೆಸರಿಗೂ ಹೋಲಿಕೆಯಿಲ್ಲ. ಕನ್ನಡದ ಹೆಸರೇ ದಕ್ಷಿಣಕ್ಕೆ ಹೋಗಿ ರೂಪಬದಲಿಸಿಕೊಂಡಿರಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಅದನ್ನು ವಾದಕ್ಕಾಗಿ ಒಪ್ಪಿಕೊಂಡರೂ ಎರಡನೆಯ ಆಕ್ಷೇಪವು ಉಳಿಯುತ್ತದೆ.

ಅದು ತೆಲುಗಿನ ಸಾಕ್ಷ್ಯ. ತೆಲುಗಿನಲ್ಲಿ ಹಂಸದ ತದ್ಭವವು ‘ಅಂಚ’. ‘ಅಂಚೆ’ ಎಂಬುದು ಬೇರೆಯೇ ಪದ. ಅದಕ್ಕೆ ದಾರಿಯ ಹಂತ ಎಂದರ್ಥ. ಯಾವುದಾದರೂ ಕೆಲಸವು ಹಂತಹಂತವಾಗಿ ನಡೆಯಿತೆನ್ನುವುದಕ್ಕೆ ತೆಲುಗರು ಇಂದಿಗೂ ‘ಅಂಚೆಲಂಚೆಲುಗಾ’ ಎನ್ನುತ್ತಾರೆ. ಈ ಮಾತಿನಲ್ಲಿ ಓಲೆಯೂ ಇಲ್ಲ, ಹಕ್ಕಿಯೂ ಇಲ್ಲ. ಇರುವುದು ಹಂತ ಮಾತ್ರ. ನಮ್ಮ ಭಾಷೆಯಲ್ಲಿ ಹಕ್ಕಿಯ ಹೆಸರೂ ಹಂತದ ಹೆಸರೂ ಧ್ವನಿಯಲ್ಲಿ ಒಂದಾಗಿಬಿಟ್ಟುದರಿಂದ ನಮಗೆ ಮರೆಯಾದ ಭೇದವನ್ನು ತೆಲುಗು ಉಳಿಸಿಕೊಂಡಿದೆ.

ಮೂರನೆಯದು ವಸ್ತುಸ್ಥಿತಿಯ ಆಕ್ಷೇಪ. ಕಾವ್ಯದ ಹಂಸವು ಹೊರಟಲ್ಲಿಂದ ಮುಟ್ಟುವವರೆಗೆ ತಾನೊಂದೇ ಹಾರುತ್ತದೆ. ಸುದ್ದಿಯನ್ನು ಮತ್ತೊಂದು ಹಂಸಕ್ಕೆ ಒಪ್ಪಿಸುವುದಿಲ್ಲ. ಅಂಚೆಯ ಜೀವವಾದರೋ ಒಬ್ಬನು ಮತ್ತೊಬ್ಬನಿಗೆ ಒಪ್ಪಿಸುವುದರಲ್ಲಿದೆ. ಹಕ್ಕಿಗಳ ಮೂಲಕ ಸುದ್ದಿ ಕಳುಹಿಸುವ ಪದ್ಧತಿ ನಮ್ಮ ದೇಶದಲ್ಲಿ ಇರಲೇ ಇಲ್ಲವೆಂದು ಇದರ ಅರ್ಥವಲ್ಲ. ಇದೇ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ 1905ರಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಶತ್ರುಗಳ ಚಲನವಲನವನ್ನು ಮುದ್ರೆಯೊತ್ತಿದ ಓಲೆಗಳ ಮೂಲಕ ಅರಸನಿಗೆ ತಿಳಿಸುವ ಸಾಕುಪಾರಿವಾಳಗಳ ಪ್ರಸ್ತಾಪವಿದೆ. ಆದರೆ ಅಲ್ಲಿ ಹೇಳಿರುವುದು ಪಾರಿವಾಳವನ್ನು, ಹಂಸವನ್ನಲ್ಲ. ಅದೇ ಸ್ಥಳದಲ್ಲಿ ಹೊಗೆ ಮತ್ತು ಬೆಂಕಿಗಳ ಪರಂಪರೆಯಿಂದ ಸುದ್ದಿ ಮುಟ್ಟಿಸುವುದನ್ನೂ ಹೇಳಿದೆ. ಒಂದು ಗುಡ್ಡದ ಹೊಗೆಯನ್ನು ಕಂಡು ಮತ್ತೊಂದು ಗುಡ್ಡದವರು ಹೊಗೆಯೆಬ್ಬಿಸುವ ಆ ಕ್ರಮವೇ ಅಂಚೆಯ ತತ್ತ್ವಕ್ಕೆ ಹೆಚ್ಚು ಹತ್ತಿರವಾದುದು.

‘ಅಂಚು’ ಎಂಬ ಪದದಿಂದ ‘ಅಂಚೆ’ಯನ್ನು ಸಾಧಿಸಲು ಯತ್ನಿಸುವವರೂ ಇದ್ದಾರೆ. ಧ್ವನಿಯ ಹೋಲಿಕೆಯೊಂದರಿಂದಲೇ ವ್ಯುತ್ಪತ್ತಿ ಸಿದ್ಧಿಸದೆಂಬುದನ್ನು ಹಂಸದ ಕಥೆಯೇ ನಮಗೆ ಕಲಿಸಿರುವುದರಿಂದ ಆ ದಾರಿಯನ್ನು ಹಿಡಿಯದಿರುವುದು ಲೇಸು. ಹಂತ ಎಂಬ ಅರ್ಥವು ಪ್ರಯೋಗದಲ್ಲಿಯೇ ಕಾಣುತ್ತಿರುವಾಗ ಅದನ್ನು ಆಧಾರವಾಗಿ ಹಿಡಿಯುವುದು ಯುಕ್ತ.

5. ಒಂದೇ ಉಪಾಯ, ಹಲವು ಹೆಸರು

ಉತ್ತರಭಾರತದ ‘ಡಾಕ್’ ಎಂಬ ಪದವನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ತೀರ್ಮಾನಕ್ಕೆ ಮತ್ತಷ್ಟು ಬಲ ಬರುತ್ತದೆ. ಹಿಂದಿನ ಕಾಲದಲ್ಲಿ ಪ್ರಯಾಣಿಕನು ‘ಡಾಕ್’ ಮೂಲಕ ಹೋದನೆಂದರೆ, ಹಂತಹಂತಕ್ಕೂ ಹೊಸ ಬೋಯಿಗಳು ಹೊರುವ ಪಲ್ಲಕ್ಕಿಯಲ್ಲಿ ಹೋದನೆಂದರ್ಥ. ಅಲ್ಲಿ ಕಾಗದದ ಮಾತೇ ಇಲ್ಲ. ಅಂತಹ ಹಂತಗಳಲ್ಲಿ ತಂಗಲು ಕಟ್ಟಿದ ಮನೆಯೇ ‘ಡಾಕ್ ಬಂಗಲೆ’. ಮರಾಠಿಯಲ್ಲಿಯೂ ನಮ್ಮ ಉತ್ತರದ ಜಿಲ್ಲೆಗಳಲ್ಲಿಯೂ ಬಳಕೆಯಲ್ಲಿರುವ, ಮೈಸೂರಿನ ಸರಕಾರಿ ಕಚೇರಿಗಳಲ್ಲಿಯೂ ಕೇಳಿಬರುವ ‘ಟಪಾಲು’ ಎಂಬ ಪದಕ್ಕೆ ಮರಾಠಿಯ ‘ಟಪ್ಪಾ’ ಎಂಬುದರೊಡನೆ ಸಂಬಂಧವಿರಬಹುದೆಂಬ ಊಹೆಯುಂಟು. ‘ಟಪ್ಪಾ’ ಎಂದರೂ ಹಂತವೇ. ಊಹೆಯನ್ನು ಊಹೆಯಾಗಿಯೇ ಇರಿಸಿದರೂ ‘ಪೋಸ್ಟ್’, ‘ಡಾಕ್’, ‘ಅಂಚೆ’ ಎಂಬ ಮೂರು ಪದಗಳ ಸಾಕ್ಷ್ಯವು ಒಂದೇ ಕಡೆಗೆ ಬೆರಳುಮಾಡುತ್ತದೆ. ಒಂದನ್ನೊಂದು ನೋಡಿ ಅನುವಾದಿಸಿಕೊಳ್ಳದೆಯೇ ಮೂರು ಭಾಷಾಸಮುದಾಯಗಳು ಈ ವ್ಯವಸ್ಥೆಯ ತಿರುಳನ್ನು ಒಂದೇ ರೀತಿಯಲ್ಲಿ ಕಂಡು ಹೆಸರಿಟ್ಟವು. ಓಲೆಯು ಎಲ್ಲ ಕಾಲದಲ್ಲಿಯೂ ಇತ್ತು, ಓಲೆಕಾರನೂ ಇದ್ದನು. ಹೊಸದಾಗಿ ಬಂದುದು ಹಂತ. ಜನರು ಹೆಸರಿಟ್ಟುದು ಆ ಹೊಸತಿಗೆ.

ಎರಡನೆಯ ಪದಗಳನ್ನೂ ಸೇರಿಸಿ ನೋಡಿದರೆ ಸೋಜಿಗವಾಗುತ್ತದೆ. ‘ಪೋಸ್ಟ್ ಆಫೀಸ್’ ಎಂದರೆ ಮೂಲದಲ್ಲಿ ‘ಹಂತದ ನೆಲೆಗಳಿಗೆ ಸಂಬಂಧಿಸಿದ ಕೆಲಸ ನಡೆಯುವ ಸ್ಥಾನ’. ‘ಅಂಚೆ ಕಚೇರಿ’ ಎಂದರೆ ‘ಹಂತಗಳಿಗೆ ಸಂಬಂಧಿಸಿದ ಕೆಲಸದ ಮನೆ’. ಒಂದನ್ನು ಮತ್ತೊಂದರ ಭಾಷಾಂತರವೆಂದು ಬಳಸುವ ನಾವು, ಅವುಗಳ ಬೇರುಗಳೂ ಇಷ್ಟು ಸಮೀಪವಾಗಿವೆಯೆಂಬುದನ್ನು ಅರಿಯದೆಯೇ ಬಳಸುತ್ತ ಬಂದಿದ್ದೇವೆ.

6. ಅಂಚೆ ಮತ್ತು ಬೇಹು

ಪದದ ವಿಚಾರದಿಂದ ಸಂಸ್ಥೆಯ ವಿಚಾರಕ್ಕೆ ಬಂದರೆ ಇತಿಹಾಸದ ವಿದ್ಯಾರ್ಥಿಗೆ ಮತ್ತೊಂದು ಪಾಠವಿದೆ. ಮೈಸೂರು ರಾಜ್ಯದಲ್ಲಿ ಅಂಚೆಯನ್ನು ಕ್ರಮವಾಗಿ ಸ್ಥಾಪಿಸಿದವರು ಚಿಕ್ಕದೇವರಾಜ ಒಡೆಯರು. ಇದಕ್ಕೆ 1672ನೆಯ ವರ್ಷವನ್ನು ಹೇಳುವ ವಾಡಿಕೆಯುಂಟು. ಹಳೆಯ ಗ್ರಂಥಕಾರರು ಅವರ ಆಳ್ವಿಕೆಯ ಆರಂಭವನ್ನು 1672 ಎಂದು ಹಿಡಿದಿದ್ದರು. ಈಗ 1673 ಎಂದು ಅಂಗೀಕರಿಸಲಾಗಿದೆ. ಆದುದರಿಂದ 1673ರಿಂದ 1704ರ ವರೆಗಿನ ಅವರ ಆಳ್ವಿಕೆಯಲ್ಲಿ ಅಂಚೆಯು ನೆಲೆಗೊಂಡಿತೆಂದು ಹೇಳುವುದೇ ನಿರ್ದುಷ್ಟವಾದುದು.

ಆ ಅಂಚೆಯ ಕೆಲಸವೇನು? ಹದಿನೆಂಟು ಚಾವಡಿಗಳ ಪಟ್ಟಿಯಲ್ಲಿ ಅಂಚೆಯ ಹೊಣೆಯಿದ್ದುದು ‘ಬೇಹಿನ ಚಾವಡಿ’ಗೆ. ಬೇಹು ಎಂದರೆ ಗೂಢಚರ್ಯೆ. ಓಲೆಯನ್ನು ಸಾಗಿಸುವುದೂ ಗುಟ್ಟನ್ನು ಸಂಗ್ರಹಿಸುವುದೂ ಒಂದೇ ಚಾವಡಿಯ ಎರಡು ಕೈಗಳಾಗಿದ್ದವು. ಮೈಸೂರಿನ ಅಂಚೆಯು ಕಾಗದ ಸಾಗಿಸುವ ಸಾಧನವಷ್ಟೇ ಅಲ್ಲದೆ ಪೋಲೀಸಿನ ಸಾಧನವೂ ಆಗಿತ್ತೆಂದೂ, ಅಂಚೆಯ ಅಧಿಕಾರಿಗಳು ಆಸ್ಥಾನದ ಆಪ್ತರಾಗಿದ್ದರೆಂದೂ, ಕೆಳಗಿನ ನೌಕರರು ತಾವಿದ್ದ ಸೀಮೆಯ ಗುಟ್ಟುಗಳನ್ನು ವರದಿಮಾಡುವ ಬೇಹುಗಾರರೇ ಆಗಿದ್ದರೆಂದೂ, ಹೈದರನು ಇದನ್ನು ಇನ್ನೂ ಬೆಳೆಸಿದನೆಂದೂ ವಿಲ್ಕ್ಸನು ತಿಳಿಸುತ್ತಾನೆ. ಅವನು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದವನು; ಅರಮನೆಯ ಹಳೆಯ ವ್ಯವಸ್ಥೆಗಳನ್ನು ಪರಕೀಯನ ಕಣ್ಣಿನಿಂದ ನೋಡಿದವನು. ಅವನ ಮಾತಿನ ಕಟುತ್ವವನ್ನು ಸ್ವಲ್ಪ ತಗ್ಗಿಸಿಕೊಂಡರೂ, ಚಾವಡಿಯ ಹೆಸರೇ ಅವನ ಮಾತಿನ ತಿರುಳನ್ನು ಸಮರ್ಥಿಸುತ್ತದೆ.

ಇದು ಮೈಸೂರಿಗೆ ಮಾತ್ರ ಮೀಸಲಾದ ದೋಷವಲ್ಲ. 14ನೆಯ ಶತಮಾನದಲ್ಲಿ ದೆಹಲಿ ಸುಲ್ತಾನರ ಓಟದ ಆಳುಗಳನ್ನು ಕಂಡ ಇಬ್ನ್ ಬತೂತನು, ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಕೋಲು ಹಿಡಿದು ಅವರು ಓಡುತ್ತಿದ್ದುದನ್ನೂ, ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಹಂತದವನು ಸಿದ್ಧನಾಗಿ ನಿಲ್ಲುತ್ತಿದ್ದುದನ್ನೂ ವರ್ಣಿಸಿದ್ದಾನೆ. ಸಿಂಧಿನಿಂದ ದೆಹಲಿಗೆ 50 ದಿನಗಳ ದಾರಿ. ಸುಲ್ತಾನನ ವರದಿಗಾರರ ಪತ್ರಗಳು ಐದೇ ದಿನಗಳಲ್ಲಿ ಮುಟ್ಟುತ್ತಿದ್ದವು. ಪರದೇಶದಿಂದ ಯಾರು ಬಂದರು, ಅವರ ರೂಪವೇನು, ಉಡುಪೇನು ಎಂಬುದೆಲ್ಲ ಆ ಪತ್ರಗಳಲ್ಲಿರುತ್ತಿತ್ತು. ಮೊಗಲರ ಕಾಲದ ‘ಹರ್ಕಾರಾ’ ಎಂಬ ಪಾರಸಿ ಪದಕ್ಕೆ ‘ಎಲ್ಲ ಕೆಲಸ ಮಾಡುವವನು’ ಎಂದು ಅಕ್ಷರಾರ್ಥ; ಓಲೆಯಾಳು, ಬೇಹಿನಾಳು ಎಂಬ ಎರಡು ಬಳಕೆಗಳೂ ಅದಕ್ಕುಂಟು. ನಮ್ಮ ಭಾಷೆಗೆ ಬಂದು ‘ಹರಿಕಾರ’ನಾದ ಮೇಲೆ ಅವನು ಬೇಹಿನ ಕಳಂಕವನ್ನು ತೊಳೆದುಕೊಂಡನು. ಎಲ್ಲರಿಗಿಂತ ಮುಂದೆ ಓಡುವವನೆಂಬ ಗುಣವೊಂದೇ ಉಳಿದು, ಈಗ ಯಾವುದಾದರೊಂದು ಕಾರ್ಯಕ್ಕೆ ಮೊದಲಿಗನಾದವನನ್ನು ‘ಹರಿಕಾರ’ನೆಂದು ಗೌರವಿಸುತ್ತೇವೆ.

ಅಂಚೆಯು ಪ್ರಜೆಯ ಸೊತ್ತಾದುದು ನಿಧಾನವಾಗಿ. ಈಸ್ಟ್ ಇಂಡಿಯಾ ಕಂಪನಿಯ ಅಂಚೆಯನ್ನು ವಾರನ್ ಹೇಸ್ಟಿಂಗ್ಸನು 1774ರಲ್ಲಿ ಸಾರ್ವಜನಿಕರಿಗೆ ತೆರೆದನು. 1854ರಲ್ಲಿ ದೂರವೆಷ್ಟೇ ಇದ್ದರೂ ಕಾಲು ತೊಲದ ಕಾಗದಕ್ಕೆ ಅರ್ಧಾಣೆ ಎಂಬ ಏಕರೂಪದ ದರವೂ, ಭಾರತಕ್ಕೆಲ್ಲ ಒಂದೇ ಅಂಚೆಚೀಟಿಯೂ ಜಾರಿಗೆ ಬಂದವು. ಆದರೂ ಕಾಗದವನ್ನು ತಡೆದು ತೆರೆಯುವ ಅಧಿಕಾರವನ್ನು ಸರಕಾರವು ಬಿಟ್ಟುಕೊಡಲಿಲ್ಲ. 1898ರ ಅಂಚೆ ಕಾಯಿದೆಯಲ್ಲಿ ಅದು ಇತ್ತು; ಅದರ ಸ್ಥಾನಕ್ಕೆ ಬಂದ 2023ರ ಕಾಯಿದೆಯ 9ನೆಯ ಪ್ರಕರಣದಲ್ಲಿಯೂ, ರಾಜ್ಯದ ಭದ್ರತೆ ಮೊದಲಾದ ನಿರ್ದಿಷ್ಟ ಕಾರಣಗಳಿಗಾಗಿ, ಇದೆ. ಅಂದಿನ ಬೇಹು ಅರಸನ ಇಚ್ಛೆಯಂತೆ ನಡೆಯುತ್ತಿತ್ತು. ಇಂದಿನದು ಕಾನೂನಿನಲ್ಲಿ ಬರೆದ ಕಾರಣಕ್ಕೆ ಕಟ್ಟುಬಿದ್ದಿದೆ. ಆ ಭೇದವು ದೊಡ್ಡದು. ಅದನ್ನು ದೊಡ್ಡದಾಗಿಯೇ ಉಳಿಸಿಕೊಳ್ಳುವುದು ಪ್ರಜೆಗಳ ಎಚ್ಚರಕ್ಕೆ ಸೇರಿದ ವಿಷಯ.

7. ಸಂಸ್ಥೆ ಅಳಿದು ಹೆಸರು ಉಳಿದುದು

ಮೈಸೂರಿನ ಅಂಚೆಯು ಕಮಿಷನರುಗಳ ಆಡಳಿತವನ್ನೂ ದಾಟಿ, 1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿ ಬಂದ ಬಳಿಕವೂ ನಡೆಯುತ್ತಿತ್ತು. ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1889ರಲ್ಲಿ ಅದನ್ನು ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನಗೊಳಿಸಲಾಯಿತು. ಎರಡು ಶತಮಾನಗಳಷ್ಟು ಹಳೆಯ ಸಂಸ್ಥೆಯೊಂದು ಹೀಗೆ ಕೊನೆಗೊಂಡಿತು.

ಆದರೆ ಹೆಸರು ಕೊನೆಗೊಳ್ಳಲಿಲ್ಲ. ಇಲ್ಲಿ ಕೇರಳದ ಉದಾಹರಣೆಯೊಡನೆ ಹೋಲಿಸುವುದು ಬೋಧಪ್ರದವಾದುದು. ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ‘ಅಂಚಲ್’ ಭಾರತದ ಅಂಚೆಯಲ್ಲಿ ವಿಲೀನವಾದುದು 1951ರಲ್ಲಿ. ಅಂದರೆ ಮೈಸೂರಿಗಿಂತ 62 ವರ್ಷಗಳ ಅನಂತರ. ಆದರೂ ಇಂದು ಮಲಯಾಳದಲ್ಲಿ ರೂಢಿಯಲ್ಲಿರುವ ಪದ ‘ತಪಾಲ್’. ಅಲ್ಲಿ ಹೆಚ್ಚು ಕಾಲ ಬಾಳಿದ ಸಂಸ್ಥೆಯ ಹೆಸರು ಹಿಂದೆ ಸರಿಯಿತು. ಇಲ್ಲಿ ಮೊದಲೇ ಅಳಿದ ಸಂಸ್ಥೆಯ ಹೆಸರು ನೆಲೆನಿಂತಿತು. ಇದಕ್ಕೆ ಕಾರಣ ಹೀಗಿರಬಹುದೆಂದು ಈ ಲೇಖಕನಿಗೆ ತೋರುತ್ತದೆ: ಕೇರಳದಲ್ಲಿ 20ನೆಯ ಶತಮಾನದ ನಡುವಿನ ವರೆಗೂ ಸಂಸ್ಥಾನದ ಅಂಚಲೂ ಬ್ರಿಟಿಷರ ಅಂಚೆಯೂ ಅಕ್ಕಪಕ್ಕದಲ್ಲಿ ನಡೆದುದರಿಂದ ಜನರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟುಕೊಳ್ಳಬೇಕಾಯಿತು, ಒಂದು ಮುಚ್ಚಿದಾಗ ಅದರ ಹೆಸರೂ ಮುಚ್ಚಿಹೋಯಿತು. ಮೈಸೂರಿನಲ್ಲಾದರೋ 1889ರ ಬಳಿಕ ಉಳಿದುದು ಒಂದೇ ವ್ಯವಸ್ಥೆ. ಎರಡನ್ನು ಬೇರ್ಪಡಿಸುವ ಅಗತ್ಯವಿಲ್ಲದುದರಿಂದ ಬಾಯಿಗೆ ರೂಢಿಯಾಗಿದ್ದ ಹಳೆಯ ಹೆಸರೇ ಹೊಸದಕ್ಕೂ ಸಂದಿತು. ಬೆಂಗಳೂರಿನ ಅಂಚೆಪೇಟೆಯ ಹೆಸರಿನಲ್ಲಿ ಅದು ಊರಿನ ನಕ್ಷೆಯನ್ನೂ ಸೇರಿದೆ. ಅಂಚೆಚೀಟಿ, ಅಂಚೆಪೆಟ್ಟಿಗೆ, ಅಂಚೆಯಣ್ಣ ಎಂಬ ಪದಗಳನ್ನು ಹೆತ್ತು ಸಂಸಾರವನ್ನೂ ಬೆಳೆಸಿಕೊಂಡಿದೆ.

ಈಚೆಗೆ ಆ ಸಂಸಾರಕ್ಕೆ ‘ಮಿಂಚಂಚೆ’ ಎಂಬ ಹೊಸ ಕೂಸು ಬಂದಿದೆ. ಕಂಪ್ಯೂಟರಿನ ಮೂಲಕ ಕ್ಷಣಮಾತ್ರದಲ್ಲಿ ಸಮುದ್ರ ದಾಟುವ ಪತ್ರಕ್ಕೆ ಹಂತವೆಲ್ಲಿ, ಆ ಹೆಸರು ಸಲ್ಲುವುದೆ ಎಂದು ಮೊದಲ ನೋಟಕ್ಕೆ ಅನ್ನಿಸಬಹುದು. ವಿಚಾರಿಸಿ ನೋಡಿದರೆ ಆ ಪತ್ರವೂ ಕಳುಹಿಸಿದವನ ಯಂತ್ರದಿಂದ ನೇರವಾಗಿ ಪಡೆಯುವವನ ಯಂತ್ರಕ್ಕೆ ಹಾರುವುದಿಲ್ಲ. ನಡುವಿನ ಯಂತ್ರಗಳು ಅದನ್ನು ಒಂದರಿಂದೊಂದು ಪಡೆದು ಮುಂದಕ್ಕೆ ಒಪ್ಪಿಸುತ್ತವೆ. ಗೆಜ್ಜೆಗೋಲಿನ ಆಳು ಮಾಡುತ್ತಿದ್ದುದೂ ಅದನ್ನೇ.

ಮುಂದಿನ ವರ್ಷದ ತರಗತಿಯಲ್ಲಿ ಚಿಕ್ಕದೇವರಾಜರ ಪಾಠ ಬಂದಾಗ ಈ ಲೇಖಕನು ಹಂಸದ ಕಥೆಯನ್ನು ಮತ್ತೆಯೂ ಹೇಳಿದನು. ಅದು ಸೊಗಸಾದ ಕಥೆ. ಕೈಬಿಡಲು ಮನಸ್ಸು ಬಾರದು. ಆದರೆ ಅದರ ಬೆನ್ನಿಗೇ ತೆಲುಗಿನ ‘ಅಂಚೆಲಂಚೆಲುಗಾ’ ಎಂಬ ಮಾತನ್ನು ಕಪ್ಪುಹಲಗೆಯ ಮೇಲೆ ಬರೆದು, ಎರಡರಲ್ಲಿ ಯಾವುದು ಸಾಕ್ಷಿ, ಯಾವುದು ಅಲಂಕಾರ ಎಂದು ವಿದ್ಯಾರ್ಥಿಗಳನ್ನೇ ಕೇಳಿದನು. ಆ ವರ್ಷದ ಉತ್ತರಪತ್ರಿಕೆಗಳಲ್ಲಿ ಹಂಸಗಳು ಹಾರಲಿಲ್ಲ.